ಸಿದ್ದಲಿಂಗೇಶ ಓಣಿಯನ್ನು ಸುಮ್ಮನಾಗಿಸಿದ್ದು

"ಈ ಸಲ ಇಂಟರ್‌ವ್ಯೂದಾಗ ಉತ್ತರ ಹೇಳೂದಷ್ಟ ನಿನ್ನ ಕೆಲಸ. ಉಳದದ್ದೆಲ್ಲಾ ನನಗ ಬಿಟ್ಟುಬಿಡು!"

ಸಿದ್ದಲಿಂಗೇಶ ಹೀಗೆ ಎದೆ ತಟ್ಟಿಕೊಂಡು ಹೇಳಿದಾಗ ಗೋಡೆಯ ಮೇಲಿನ ಹಲ್ಲಿ ಕೂಡ ಲೊಚಗುಟ್ಟಲಿಲ್ಲ. ಬುದ್ಧಿವಂತ ಹಲ್ಲಿ! ಲೊಚಗುಟ್ಟಿ ಹೌದೆಂದರೆ ಮುಂದಿನ ಅನಾಹುತದಲ್ಲಿ ತನಗೂ ಪಾಲು ಬಂದೀತೆಂದು ಅದಕ್ಕೆ ಗೊತ್ತಿತ್ತು.

ಹೆಂಡತಿ ವಾಣಿಶ್ರೀ ಪುಸ್ತಕದಿಂದ ತಲೆ ಎತ್ತದೆಯೇ, "ಹ್ವಾದ ವರ್ಷನೂ ಹಿಂಗ ಅಂದಿದ್ರಿ," ಎಂದಳು.

ಹೋದ ವರ್ಷದ ಕಥೆ ಹೇಳದೆ ಮುಂದೆ ಹೋಗುವಂತಿಲ್ಲ. ವಾಣಿಶ್ರೀ ಮುಂಡರಗಿಯ ಮಗಳು. ಅಪ್ಪ ವಿರೂಪಾಕ್ಷಪ್ಪನವರದು ಅಲ್ಲಿ ಶೇಂಗಾ ಎಣ್ಣೆಯ ಮಿಲ್ಲು. ಆ ಎಣ್ಣೆಯ ಡಬ್ಬಿ ಮುಂಬಯಿಯ ಅಂಗಡಿಗಳಲ್ಲಿ ಸಾಲಾಗಿ ನಿಲ್ಲಬೇಕು, ಅದಕ್ಕೆ ಮೊದಲು ತಾನು ಬಿಸಿನೆಸ್ ಸ್ಕೂಲಿನಲ್ಲಿ ಎರಡು ವರ್ಷ ಕಲಿಯಬೇಕು ಎಂಬುದು ಅವಳ ಹಳೆಯ ಹಟ. ಅಪ್ಪ ಮಾತ್ರ "ಎಣ್ಣಿ ಮಾರಾಕ ಎದಕ್ಕ ಸಾಲಿ?" ಎಂದು ನಕ್ಕುಬಿಡುತ್ತಿದ್ದರು. ಅವಳು ಬಿಡಲಿಲ್ಲ. ಪುಣೆಯ ಆಚೆಗಿನ ಒಂದು ದೊಡ್ಡ ಬಿಸಿನೆಸ್ ಸ್ಕೂಲಿನ ಪ್ರವೇಶ ಪರೀಕ್ಷೆ ಪಾಸು ಮಾಡಿದಳು. ಉಳಿದದ್ದು ಆನ್‌ಲೈನ್ ಇಂಟರ್‌ವ್ಯೂ ಒಂದೇ.

ಅದನ್ನು ಲಕ್ಷ್ಮೇಶ್ವರದ ತನ್ನ ಮನೆಯಿಂದಲೇ ಕೊಡಿಸುತ್ತೇನೆಂದು ಸಿದ್ದಲಿಂಗೇಶ ಹೊರಟ. ಹೊರಟದ್ದಷ್ಟೇ ಅಲ್ಲ, ಶಿಗ್ಲಿಯವರೆಗೆ ಡಂಗುರ ಸಾರಿದ. "ದೊಡ್ಡ ದೊಡ್ಡ ಮಂದಿ ಸೊಸಿನ್ನ ಟೀವ್ಯಾಗ ಕುಂತು ನೋಡ್ತಾರಂತ!" ಎಂದು ಕೇಳಿದ ಮೇಲೆ ಅವನ ಅವ್ವ ಸುಮ್ಮನಿದ್ದಾಳೆಯೇ? ಇಂಟರ್‌ವ್ಯೂ ಶುರುವಾಗುವ ಹೊತ್ತಿಗೆ ಸರಿಯಾಗಿ ಬಾಗಿಲ ಹಿಂದೆ ನಿಂತು, ಕೆಂಡದ ಮೇಲೆ ಒಣಮೆಣಸಿನಕಾಯಿ ಸುರುವಿ ದೃಷ್ಟಿ ತೆಗೆದಳು. "ನಿಮ್ಮ ಬಗ್ಗೆ ಹೇಳಿ" ಎಂದರು ಪ್ರೊಫೆಸರರು. ವಾಣಿಶ್ರೀ ಕೆಮ್ಮಿದಳು. "ನಿಮ್ಮ ಗುರಿ ಏನು?" ಎಂದರು. ಮತ್ತೂ ಜೋರಾಗಿ ಕೆಮ್ಮಿದಳು. ದೃಷ್ಟಿ ಹೋಯಿತೋ ಇಲ್ಲವೋ, ಸೀಟಂತೂ ಹೋಯಿತು. ಆಮೇಲೆ ಆರು ತಿಂಗಳು ಲಕ್ಷ್ಮೇಶ್ವರದ ಬಜಾರಿನಲ್ಲಿ ಕಂಡಕಂಡವರೆಲ್ಲ "ಏನಾತವ್ವಾ, ಸೀಟ್ ಸಿಕ್ತೇನು?" ಎಂದು ಕೇಳಿ ಗಾಯಕ್ಕೆ ಉಪ್ಪು ಸವರಿದರು.

ಆ ಸ್ಕೂಲಿನ ಕಾನೂನು ಬಹಳ ಬಿಗಿ. ಒಬ್ಬರಿಗೆ ಎರಡೇ ಸಲ ಅವಕಾಶ. ಇದು ಎರಡನೆಯದು, ಈ ಸಲ ತಪ್ಪಿದರೆ ಆ ಗೇಟು ಈ ಜನ್ಮದಲ್ಲಿ ತೆರೆಯುವುದಿಲ್ಲ. ಅದಕ್ಕೇ ವಾಣಿಶ್ರೀ ಮೊದಲೇ ಗಂಡನ ಬಾಯಿಗೆ ಬೀಗ ಜಡಿದಿದ್ದಳು.

"ರಿಸಲ್ಟ್ ಬರೂಮಟ ಒಂದ ನರಪಿಳ್ಳಿಗೂ ಹೇಳಂಗಿಲ್ಲ. ಆಣಿ ಮಾಡ್ರಿ."

"ಮಾಡೇನಿ."

"ನನ್ನ ತಲಿ ಮುಟ್ಟಿ ಮಾಡ್ರಿ."

"ಮುಟ್ಟೇನಿ ಬಿಡ ಮಾರಾಯ್ತಿ!"

ಸಿದ್ದಲಿಂಗೇಶ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಇಷ್ಟು ತೊಂದರೆ ಆಗುತ್ತಿರಲಿಲ್ಲ! ಗದಗಿನಲ್ಲಿ ಒಂದು ಬೀಜದ ಕಂಪನಿಯ ಏರಿಯಾ ಆಫೀಸರು. ಊರೂರಿಗೆ ಹೋಗಿ ರೈತರ ಸಭೆ ಕೂಡಿಸುವುದು ನೌಕರಿ. ಕೂಡಿಸುವುದು ಎಂದರೆ, ಕೂಡಿಸಲು ಒದ್ದಾಡುವುದು. ಮೊನ್ನೆ ಶಿರಹಟ್ಟಿಯಲ್ಲಿ ಪೆಂಡಾಲು ಹಾಕಿಸಿ, ಗಿರ್ಮಿಟ್, ಮಿರ್ಚಿ ಭಜಿ, ಚಹಾ ಎಲ್ಲ ಇಟ್ಟು ಮೈಕಿನಲ್ಲಿ ಗಂಟಲು ಹರಿದುಕೊಂಡರೂ ಬಂದವರು ಬೆರಳೆಣಿಕೆಯ ಜನ. ಅವರಲ್ಲಿ ಪೆಂಡಾಲಿನವನೂ ಭಜಿ ಕರಿಯುವವನೂ ಸೇರಿದ್ದರು. ಆದರೂ ಅವನಿಗೆ ತನ್ನ ವರ್ಚಸ್ಸಿನ ಮೇಲೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಬಿಸಿನೆಸ್ ಸ್ಕೂಲಿನಲ್ಲಿ ಮದುವೆಯಾದ ವಿದ್ಯಾರ್ಥಿಗಳಿಗೆ ಮನೆ ಕೊಡುತ್ತಾರಂತೆ, ಅವರ ಗಂಡಂದಿರಿಗೂ ಹೆಂಡಂದಿರಿಗೂ 'ಪಾರ್ಟ್‌ನರ್' ಎಂದೇ ಹೆಸರಂತೆ, ಅವರದೊಂದು ಕ್ಲಬ್ಬೂ ಇದೆಯಂತೆ ಎಂದು ಹೆಂಡತಿ ಹೇಳಿದ ದಿನವೇ ಅವನು ಮನಸ್ಸಿನಲ್ಲಿ ಆ ಕ್ಲಬ್ಬಿನ ಅಧ್ಯಕ್ಷ ಪೀಠ ಏರಿ ಕುಳಿತುಬಿಟ್ಟಿದ್ದ.

ಹೋದ ವರ್ಷದ ಶತ್ರು ಮೆಣಸಿನಕಾಯಿ. ಈ ವರ್ಷದ ಶತ್ರು ಮಗ್ಗ. ಗಂಡ ಹೆಂಡತಿ ಈಗ ಬೆಟಗೇರಿಯ ನೇಕಾರರ ಓಣಿಯಲ್ಲಿ ಮಾಳಿಗೆ ಮನೆ ಬಾಡಿಗೆ ಹಿಡಿದಿದ್ದರು. ಕೆಳಗೆ ಮನೆಯ ಮಾಲೀಕ ಹನಮಪ್ಪನ ಪವರ್‌ಲೂಮು. ಎದುರಿಗೆ ಅಲ್ಲಾಸಾಬನ ಶೆಡ್ಡು ತುಂಬ ಪವರ್‌ಲೂಮು. ಓಣಿಯ ಉದ್ದಕ್ಕೂ ಮುಂಜಾನೆಯಿಂದ ಖಟ್-ಖಟಾ-ಖಟ್! ಖಟ್-ಖಟಾ-ಖಟ್! ಸಾರಿಗೆ ಉಪ್ಪು ಕಡಿಮೆ ಎಂದು ಹೇಳಬೇಕಾದರೂ ಚುನಾವಣೆಯ ಭಾಷಣದ ಧಾಟಿಯಲ್ಲಿ ಹೇಳಬೇಕು. ಇಂಥಲ್ಲಿ ಇಂಟರ್‌ವ್ಯೂ? ಸಿದ್ದಲಿಂಗೇಶ ಅಂದೇ ಭೀಷ್ಮಪ್ರತಿಜ್ಞೆ ಮಾಡಿದ: ಆ ಹೊತ್ತಿನಲ್ಲಿ ಓಣಿಯಲ್ಲಿ ಸೂಜಿ ಬಿದ್ದರೂ ಕೇಳಬೇಕು! ಹೆಂಡತಿಗೆ ಮಾತ್ರ ಹೇಳಲಿಲ್ಲ. ಆಶ್ಚರ್ಯಪಟ್ಟು ಖುಷಿಪಡಲಿ ಎಂದು.

ಇಂಟರ್‌ವ್ಯೂದ ಹಿಂದಿನ ದಿನ ಅಲ್ಲಾಸಾಬನ ಶೆಡ್ಡಿಗೆ ಹೋದ.

"ಅಲ್ಲಾಸಾಬಣ್ಣ, ನಾಳೆ ಮುಂಜಾನಿ ಹನ್ನೊಂದಕ್ಕ ಒಂದ ತಾಸು ಮಗ್ಗ ಬಂದ್ ಇಡಬೇಕ್ರಿ."

"ಯಾಕ್ರೀ ಸಾಹೇಬ್ರ?"

"ಯಾಕಂತ ಕೇಳಬ್ಯಾಡ್ರಿ. ಆಣಿ ಐತಿ."

ಅಲ್ಲಾಸಾಬ ದೊಡ್ಡ ಮನಸ್ಸಿನವನು. "ಆತು ತಗೋರಿ. ನಾ ನೂಲು ತರಾಕ ಮುಂಜಾನಿನ ಹುಬ್ಬಳ್ಳಿಗೆ ಹೊಂಟೇನಿ. ಆಳುಗಳಿಗೆ ಆ ಹೊತ್ತಿಗೆ ಮಗ್ಗ ನಿಂದರಿಸಿ ನಾಷ್ಟಾಕ್ಕ ಹೋಗ್ರಿ ಅಂತ ಹೇಳಿರ್ತೀನಿ," ಎಂದ. ಉಳಿದ ಮನೆಗಳಿಗೆ ನಾಳೆ ಬೆಳಿಗ್ಗೆ ಹೋದರಾಯಿತು ಎಂದು ಸಿದ್ದಲಿಂಗೇಶ ಮನೆಗೆ ಬಂದು ನಿಶ್ಚಿಂತೆಯಿಂದ ಗೊರಕೆ ಹೊಡೆದ.

ಮರುದಿನ ಅವನ ತಯಾರಿ ನೋಡಬೇಕಿತ್ತು! ತಲೆಗೆ ನೀರು ಹಾಕಿಕೊಂಡ. ಇಂಟರ್‌ವ್ಯೂ ಮುಗಿಯುವವರೆಗೆ ತುತ್ತು ಅನ್ನ ಮುಟ್ಟುವುದಿಲ್ಲವೆಂದು ವ್ರತ ಹಿಡಿದ. ಬಿಳಿ ಪಂಚೆ ಉಟ್ಟು, ಬರಿ ಮೈಮೇಲೆ ಟವೆಲ್ಲು ಹೊದ್ದ. ಎರಡೂ ಫೋನು ಸ್ವಿಚ್ ಆಫ್ ಮಾಡಿದ. ಗೇಟಿನ ಗಂಟೆಗೆ ಅರಿವೆ ಸುತ್ತಿದ. ಹೆಂಡತಿಗೆ ಮೊಸರು ಸಕ್ಕರೆ ತಿನ್ನಿಸಿ, "ಗೆದ್ದು ಬಾ" ಎಂದು ಕೋಣೆಯೊಳಗೆ ಕಳಿಸಿದ. ಅವಳು ಒಳಗಿನಿಂದ ಚಿಲಕ ಹಾಕಿಕೊಂಡಳು. ಅವನು ಉಳಿದ ಮನೆಗಳವರಿಗೆ ಕೈಮುಗಿಯಲೆಂದು ಲಗುಬಗೆಯಿಂದ ಮೆಟ್ಟಿಲು ಇಳಿದ.

ಎದುರಿನ ಶೆಡ್ಡಿನಲ್ಲಿ ಮಗ್ಗಗಳು ಒಮ್ಮೆಲೆ ನಿಂತವು. ಆಳುಗಳು ನಾಷ್ಟಾಕ್ಕೆ ಹೊರಟುಹೋದರು. ಆಮೇಲೆ ನಡೆದದ್ದು ಪವಾಡ! ಕೆಳಗೆ ಹನಮಪ್ಪನ ಮಗ್ಗ ತಾನಾಗಿ ನಿಂತಿತು. ಪಕ್ಕದ ಮನೆಯದು ನಿಂತಿತು. ಅದರ ಪಕ್ಕದ್ದು, ಅದರಾಚೆಯದು, ಮೂಲೆಯ ಮನೆಯದು! ಯಾರಿಗೂ ಒಂದು ಮಾತು ಹೇಳದೆಯೇ ಇಡೀ ಓಣಿ ಉಸಿರು ಬಿಗಿಹಿಡಿದು ನಿಂತಂತಾಯಿತು. "ಇದಕ್ಕ ಅಂತಾರ ವರ್ಚಸ್ಸು!" ಎಂದುಕೊಂಡು ಸಿದ್ದಲಿಂಗೇಶ ಕೆಳಗಿನ ಮೆಟ್ಟಿಲ ಮೇಲೆ ಕಾವಲು ಕುಳಿತ.

ಪಾಪ, ಲಕ್ಷ್ಮೇಶ್ವರದವನು, ಓಣಿಗೆ ಬಂದು ಇನ್ನೂ ವರ್ಷ ತುಂಬಿಲ್ಲ, ಅವನಿಗೇನು ಗೊತ್ತು? ಆ ಓಣಿಯಲ್ಲಿ ಒಂದು ರೂಢಿಯಿದೆ. ಯಾರಾದರೂ ತೀರಿಕೊಂಡರೆ ಮೊದಲು ತಿಳಿದವನು ಮಗ್ಗ ನಿಲ್ಲಿಸುತ್ತಾನೆ. ಅದು ನಿಂತದ್ದು ಕೇಳಿ ಪಕ್ಕದವನು ನಿಲ್ಲಿಸುತ್ತಾನೆ. ಹೆಣ ಎತ್ತುವವರೆಗೆ ಓಣಿಯಲ್ಲಿ ಒಂದು ಲಾಳಿಯೂ ಓಡುವಂತಿಲ್ಲ. ಕರೆಂಟು ಹೋದರೂ ಮಗ್ಗ ನಿಲ್ಲುತ್ತದೆ ನಿಜ, ಆದರೆ ಆಗ ಫ್ಯಾನೂ ನಿಲ್ಲುತ್ತದೆ. ಮೇಲೆ ಫ್ಯಾನು ತಿರುಗುತ್ತಿದೆ, ಕೆಳಗೆ ಮಗ್ಗ ನಿಂತಿದೆ ಎಂದರೆ ಬೆಟಗೇರಿಯಲ್ಲಿ ಅದಕ್ಕೆ ಒಂದೇ ಅರ್ಥ.

ಮೊದಲು ಹೊರಗೆ ಬಂದವನು ಹನಮಪ್ಪ. ಆಚೆ ಈಚೆ ನೋಡಿದ. ಎಲ್ಲ ಮನೆಯವರೂ ಬಾಗಿಲಿಗೆ ಬಂದು "ಯಾರಂತ? ಯಾರಂತ?" ಎಂದು ಕಣ್ಣಲ್ಲೇ ಕೇಳುತ್ತಿದ್ದರು. ತನ್ನದೇ ಮನೆಯ ಮೆಟ್ಟಿಲ ಮೇಲೆ ಬಾಡಿಗೆಯವನು ಒದ್ದೆ ತಲೆಯಲ್ಲಿ, ಬಿಳಿ ಪಂಚೆಯಲ್ಲಿ, ಹೊಟ್ಟೆಗಿಲ್ಲದ ಮುಖ ಮಾಡಿಕೊಂಡು ಕುಳಿತಿದ್ದಾನೆ! ಹನಮಪ್ಪ ಅವಸರದಿಂದ ಹತ್ತಿರ ಬಂದ.

"ಯಾರ್ರೀ ಸಾಹೇಬ್ರ?"

ಸಿದ್ದಲಿಂಗೇಶ ತುಟಿಯ ಮೇಲೆ ಬೆರಳಿಟ್ಟ. ಮೇಲಕ್ಕೆ ಕೈ ತೋರಿಸಿ ಪಿಸುಗುಟ್ಟಿದ: "ನಮ್ಮ ವಾಣಿಶ್ರೀ… ಒಳಗ ಅದಾಳ… ಗದ್ಲ ಮಾಡಬ್ಯಾಡ್ರಿ."

ಹನಮಪ್ಪ ತಲೆಯ ಮೇಲೆ ಕೈಹೊತ್ತು ಅಲ್ಲೇ ಕುಕ್ಕರಿಸಿದ. "ಅಯ್ಯಯ್ಯ! ಏನಾಗಿತ್ರೀ?"

"ಅದನ್ನ ಹೇಳಂಗಿಲ್ರಿ. ಆಣಿ ಹಾಕ್ಯಾಳ."

"ಮುಂಡರಗಿಗೆ ತಿಳಿಸೀರಿಲ್ಲೋ?"

"ಏ ಬ್ಯಾಡ ಬ್ಯಾಡ! ಯಾರಿಗೂ ತಿಳಿಸಬ್ಯಾಡ್ರಿ. ಎಲ್ಲಾ ಮುಗದ ಮ್ಯಾಲೆ ನಾನ ಹೇಳ್ತೀನಿ." ಆಣೆ ಮುರಿಯದೆ ಕೆಲಸ ಸಾಧಿಸಿದೆನೆಂದು ಅವನಿಗೆ ಒಳಗೊಳಗೇ ಹೆಮ್ಮೆ.

ಹನಮಪ್ಪ ಅವನನ್ನು ಕೆಳಗಿನಿಂದ ಮೇಲೆ ಒಂದು ಸಲ ನೋಡಿದ. ಹೆಂಡತಿ ಒಳಗೆ ಹೆಣವಾಗಿ ಬಿದ್ದಿದ್ದಾಳೆ, ಗಂಡ ತವರಿಗೆ ತಿಳಿಸಬೇಡ ಅನ್ನುತ್ತಾನೆ! ಮೆಲ್ಲಗೆ ಎದ್ದು ಒಳಗೆ ಹೋಗಿ ಫೋನು ತೆಗೆದ. ವಿರೂಪಾಕ್ಷಪ್ಪನವರು ಅಂದು ಶೇಂಗಾ ಖರೀದಿಗೆಂದು ಪಕ್ಕದ ಗದಗಿನ ಮಾರ್ಕೆಟ್ಟಿಗೇ ಬಂದಿದ್ದರು.

ಅಷ್ಟರಲ್ಲಿ ಜನ ಬರತೊಡಗಿತು. ಮೊದಲು ಈ ಓಣಿಯವರು. ಆಮೇಲೆ ಮಗ್ಗ ನಿಂತದ್ದು ಕೇಳಿ ಹಿಂದಿನ ಓಣಿಯವರು. ಅವರು ಓಡಿದ್ದು ನೋಡಿ ಅದರ ಹಿಂದಿನವರು. ಇಷ್ಟು ಮಂದಿ ಬಂದರೂ ಒಂದು ಸಪ್ಪಳವಿಲ್ಲ. ಚಪ್ಪಲಿ ದೂರ ಬಿಟ್ಟು, ತಲೆ ತಗ್ಗಿಸಿ ಬಂದು ನಿಲ್ಲುತ್ತಿದ್ದರು. ಬೆಟಗೇರಿಯ ಜನಕ್ಕೆ ಎಂಥ ಶಿಸ್ತು ಎಂದು ಸಿದ್ದಲಿಂಗೇಶನಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಬಂದ ಬಂದವರಿಗೆಲ್ಲ ಕೈಮುಗಿದು, "ಸುಮ್ಮಗ ನಿಂದರ್ರಿ, ಉಪಕಾರ ಆಕೈತಿ," ಎಂದು ಪಿಸುಗುಟ್ಟಿದ. ಅವರೂ ಕೈಮುಗಿದು "ಧೈರ್ಯಾ ತಗೋರಿ" ಎಂದರು. ಇಂಟರ್‌ವ್ಯೂ ಗುಟ್ಟು ಹೇಗೋ ತಿಳಿದಿರಬೇಕು ಎಂದುಕೊಂಡು ಧೈರ್ಯವನ್ನೂ ತಂದುಕೊಂಡ!

ಅವನ ಧೈರ್ಯ ನೆಲ ಕಚ್ಚಿದ್ದು ಹನಮಪ್ಪನ ಹೆಂಡತಿ ಶಂಕ್ರೆವ್ವ ಬಂದಾಗ. ಅವಳ ಕೈಯಲ್ಲಿ ಆಗಷ್ಟೇ ಮಗ್ಗದಿಂದ ಇಳಿಸಿದ ಹೊಸ ಸೀರೆ, ಮೇಲೆ ಹಸಿರು ಬಳೆ, ಕುಂಕುಮದ ಭರಣಿ.

"ಇದ್ಯಾಕವ್ವಾ ಸೀರಿ?"

"ಮುತ್ತೈದಿ ಹೋದ್ರ ಹಳೀ ಸೀರ್ಯಾಗ ಕಳಸಾಕ ಬರ್ತೈತೇನೋ ನನ್ನಪ್ಪಾ!" ಎಂದು ಶಂಕ್ರೆವ್ವ ಸೆರಗು ಬಾಯಿಗೆ ತುರುಕಿಕೊಂಡಳು. "ನಿನ್ನಿ ಸಂಜಿಕ ಮೆಟ್ಲ ಮ್ಯಾಲೆ ನಿಂತು ನಕ್ಕೋತ ಮಾತಾಡಿದ್ಲಲ್ಲೋ! ನನ್ನ ಮಮ್ಮಗಳಿಗೆ ಇಂಗ್ಲೀಷ್ ಹೇಳಿಕೊಡ್ತಿದ್ಲಲ್ಲೋ!"

ಸಿದ್ದಲಿಂಗೇಶನಿಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ತಿಳಿದಾಗ ದಡಬಡಿಸಿ ಎದ್ದು ನಿಂತ. ಸುತ್ತಲೂ ನೋಡಿದ. ಗೇಟಿನ ಹತ್ತಿರ ಯಾರೋ ಬಿದಿರು ತಂದು ಒರಗಿಸುತ್ತಿದ್ದರು!

"ಯಾರೂ ಸತ್ತಿಲ್ರೀ!" ಎಂದು ಚೀರಬೇಕೆಂದು ಬಾಯಿ ತೆರೆದ. ತೆರೆದ ಬಾಯಿ ಹಾಗೇ ನಿಂತಿತು. ತಲೆಯ ಮೇಲಿನ ಕೋಣೆಯಲ್ಲಿ ಇಂಟರ್‌ವ್ಯೂ ಅರ್ಧಕ್ಕೆ ಬಂದಿದೆ. ಚೀರಿದರೆ ಸೀಟು ಹೋಗುತ್ತದೆ, ಸುಮ್ಮನಿದ್ದರೆ ಹೆಂಡತಿ ಹೋಗುತ್ತಾಳೆ! ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಪಿಸುಗುಟ್ಟಿದ.

"ಜೀವಂತ ಅದಾಳ್ರೀ! ಒಳಗ ಕುಂತು ಮಾತಾಡಾಕತ್ತಾಳ!"

"ಯಾರ ಕೂಡ?" ಎಂದ ಹನಮಪ್ಪ.

"ಪುಣೆದ ಆಚೀ ಕಡಿಯವ್ರ ಕೂಡ!"

ಶಂಕ್ರೆವ್ವ ಹಣೆ ಹಣೆ ಬಡಿದುಕೊಂಡಳು. "ಶಿವನ! ತಲೀಗೆ ಹತ್ತೈತಿ. ಇನ್ನೂ ನಂಬವಲ್ಲ ನೋಡ್ರಿ! ನೀರ ತರ್ರಿ ಜಲ್ದಿ!"

ಇಬ್ಬರು ಅವನ ಭುಜ ಹಿಡಿದು ಕೂರಿಸಿದರು. ಒಬ್ಬ ನೆತ್ತಿಗೆ ತಣ್ಣೀರು ತಟ್ಟಿದ. "ಇಂಟರ್‌ವ್ಯೂ ರೀ! ಇಂಟರ್‌ವ್ಯೂ!" ಎಂದು ಕೊನೆಗೆ ಆಣೆಯನ್ನೂ ಗಾಳಿಗೆ ತೂರಿ ಪಿಸುಗುಟ್ಟಿದ. "ಹೂಂ ಹೂಂ, ಆತು, ಆತು," ಎಂದು ಎಲ್ಲರೂ ಬೆನ್ನು ಸವರಿದರು. ಹುಚ್ಚನಾದವನಿಗೆ ಎದುರಾಡಬಾರದಲ್ಲ! ಮೆಟ್ಟಿಲು ಹತ್ತಲು ಹೊರಟರೆ ಬಿಡರು. "ಈಗ ನೋಡಬ್ಯಾಡ ತಮ್ಮಾ, ತಡಕೊಳ್ಳಾಕ ಆಗಂಗಿಲ್ಲ," ಎಂದು ಜಗ್ಗಿ ಕೂರಿಸಿದರು.

ಹೆಂಗಸರ ಅಳು ಶುರುವಾಯಿತು. ಮೊದಲು ಮುಸುಮುಸು, ಆಮೇಲೆ ಹಾಡಿ ಹಾಡಿ. ವಾಣಿಶ್ರೀ ಎಂಥ ಬಂಗಾರದಂಥವಳು, ಒಂದು ದಿನ ಎದುರು ಮಾತಾಡಿದವಳಲ್ಲ, ಮುಂಜಾನೆ ಎದ್ದು ಅಂಗಳ ಕಸ ಹೊಡೆದು ಆಮೇಲೆ ಪುಸ್ತಕ ಹಿಡಿಯುತ್ತಿದ್ದಳು ಎಂದು ಒಬ್ಬೊಬ್ಬರೂ ಒಂದೊಂದು ನೆನೆದರು. ಕೇಳುತ್ತ ಕೇಳುತ್ತ ಸಿದ್ದಲಿಂಗೇಶನಿಗೂ ಏನೋ ಆಯಿತು. ಖರೆ, ಎಂಥ ಹುಡುಗಿ! ಇವಳಿಲ್ಲದ ಮನೆ ಹೇಗಿದ್ದೀತು? ಯಾರ ಮುಂದೆ ಎದೆ ತಟ್ಟಿಕೊಳ್ಳುವುದು? ಯಾರು "ಹ್ವಾದ ವರ್ಷನೂ ಹಿಂಗ ಅಂದಿದ್ರಿ" ಅನ್ನುವವರು? ಅವಳು ಮೇಲೆ ಜೀವಂತ ಕುಳಿತಿದ್ದಾಳೆಂದು ಗೊತ್ತಿದ್ದೂ ಟವೆಲ್ಲು ಮುಖಕ್ಕೆ ಒತ್ತಿ ಗಳಗಳ ಅತ್ತುಬಿಟ್ಟ.

"ಈಗ ತಿಳೀತು ನೋಡ್ರಿ ಅವಂಗ," ಎಂದು ಹನಮಪ್ಪ ನಿಟ್ಟುಸಿರು ಬಿಟ್ಟ.

ಅದೇ ಹೊತ್ತಿಗೆ ಗೇಟು ಧಡಾರನೆ ತೆರೆಯಿತು. ವಿರೂಪಾಕ್ಷಪ್ಪನವರು! ಅಳಿಯನನ್ನು ಮದುವೆಯ ದಿನದಿಂದ "ಬರ್ರಿ, ಕುಂಡ್ರಿ" ಎಂದಲ್ಲದೆ ಮಾತಾಡಿಸಿದವರಲ್ಲ. ಇಂದು ನೇರ ಬಂದು ಕೊರಳಿನ ಟವೆಲ್ಲಿಗೇ ಕೈ ಹಾಕಿದರು.

"ಲೇ! ನನ್ನ ಮಗಳಿಗೆ ಏನ್ ಮಾಡಿದಿ ಲೇ? ತಿಳಿಸಬ್ಯಾಡ್ರಿ ಅಂದೆಂತಲ್ಲಾ, ಯಾಕ? ಬಾಯಿ ಬಿಡು!"

"ಮಾವಾರ… ಸಣ್ಣ ದನಿಲೆ… ಕೇಳ್ತೈತಿ…"

"ಯಾರಿಗೆ ಕೇಳ್ತೈತಿ ಲೇ ಇನ್ನ!"

ಅವರು ಅವನನ್ನು ಅತ್ತ ನೂಕಿ ಮೆಟ್ಟಿಲು ಹತ್ತಿದರು. ಬಾಗಿಲಿಗೆ ಎರಡೂ ಮುಷ್ಟಿಯಿಂದ ಗುದ್ದತೊಡಗಿದರು. "ತಂಗೀ! ವಾಣೀ! ಕಲೀತೀನಿ ಕಲೀತೀನಿ ಅಂತಿದ್ದೆಲ್ಲವ್ವಾ! ಒಂದ ಸಲನೂ ಹೂಂ ಅನ್ನಲಿಲ್ಲಲ್ಲವ್ವಾ ನಾನು!" ಎಂದು ಆ ಗಟ್ಟಿ ಮನುಷ್ಯ ಬಾಗಿಲಿಗೆ ಹಣೆ ಹಚ್ಚಿ ಅತ್ತರು. ಕೆಳಗೆ ಸಾವಿನ ಮನೆಗಳಲ್ಲಿ ಹಾಡುವ ಓಣಿಯ ಭಜನಾ ಮೇಳದವರು ಬಂದು ಮುಟ್ಟಿದ್ದರು. ಅವರಿಗೆ ಯಾರೂ ಏನೂ ಹೇಳಬೇಕಿರಲಿಲ್ಲ. ತಾಳ ತೆಗೆದು ಝಲ್ ಎಂದು ಹೊಡೆದೇಬಿಟ್ಟರು. ಸಿದ್ದಲಿಂಗೇಶ ಕಣ್ಣು ಮುಚ್ಚಿಕೊಂಡ. ಆ ತಾಳದೊಂದಿಗೆ ಸೀಟು ಹೋಯಿತು, ಎರಡನೆಯ ಅವಕಾಶ ಹೋಯಿತು, ಮುಂಬಯಿಗೆ ಹೋಗಬೇಕಾದ ಎಣ್ಣೆಯ ಡಬ್ಬಿಗಳೆಲ್ಲ ಉರುಳಿ ಹೋದವು. ಎಲ್ಲಾ ತನ್ನಿಂದ!

ಬಾಗಿಲು ತೆರೆಯಿತು.

ಹೊಸ್ತಿಲ ಮೇಲೆ ವಾಣಿಶ್ರೀ ನಿಂತಿದ್ದಳು. ಇಸ್ತ್ರಿ ಮಾಡಿದ ಸೀರೆ, ಕೊರಳಲ್ಲಿ ಹೆಡ್‌ಸೆಟ್ಟು, ಕಣ್ಣಲ್ಲಿ ಕೆಂಡ. ತಾಳ ಗಾಳಿಯಲ್ಲೇ ನಿಂತಿತು. ಶಂಕ್ರೆವ್ವ ಸೀರೆ ಬಳೆ ಎರಡನ್ನೂ ಕೈಬಿಟ್ಟಳು. ವಿರೂಪಾಕ್ಷಪ್ಪನವರು ಮಗಳ ಕೆನ್ನೆ ಮುಟ್ಟಿ, ಮತ್ತೆ ಮುಟ್ಟಿ, ಮೆಟ್ಟಿಲ ಮೇಲೆಯೇ ಕುಸಿದು ಕುಳಿತರು.

ಎಲ್ಲರೂ ಅವಳು ಕೇಳುವ ಮೊದಲ ಪ್ರಶ್ನೆಗೆ ಕಾದರು. ಅವಳು ಕೇಳಿದ್ದು ಯಾರೂ ಎಣಿಸದ ಪ್ರಶ್ನೆ.

"ಮಗ್ಗ ಯಾಕ ನಿಂತಾವ?"

ಓಣಿಗೆ ಓಣಿಯೇ ತಿರುಗಿ ಸಿದ್ದಲಿಂಗೇಶನನ್ನು ನೋಡಿತು. ಅವನು ಟವೆಲ್ಲಿನೊಳಗಿಂದ, "ನಾನ… ಅಲ್ಲಾಸಾಬಣ್ಣಗ… ಸಪ್ಪಳ ಆಗಬಾರ್ದಂತ…" ಎಂದ.

"ಹನಮಪ್ಪ ಕಾಕಾ," ಎಂದಳು ವಾಣಿಶ್ರೀ, "ಮೊದಲ ಹೋಗಿ ಮಗ್ಗ ಹಚ್ರಿ! ಎಲ್ಲಾರೂ ಹಚ್ರಿ! ಮಗ್ಗ ನಿಂತಾಗಿಂದ ನನ್ನ ತಲಿನೂ ನಿಂತು ಬಿಟ್ಟೈತಿ!"

ಯಾರೂ ಸತ್ತಿಲ್ಲವೆಂಬ ಸಂತೋಷಕ್ಕೆ ಜನ ಓಡಿದ್ದೇ ಓಡಿದ್ದು. ಕೆಳಗೆ ಖಟ್ ಎಂದಿತು. ಪಕ್ಕದಲ್ಲಿ ಖಟಾ ಎಂದಿತು. ಕ್ಷಣಾರ್ಧದಲ್ಲಿ ಓಣಿಯ ಉದ್ದಕ್ಕೂ ಖಟ್-ಖಟಾ-ಖಟ್! ವಾಣಿಶ್ರೀ ಒಮ್ಮೆ ದೀರ್ಘ ಉಸಿರು ಎಳೆದುಕೊಂಡಳು. ಒಳಗೆ ಹೋಗುವ ಮುನ್ನ ಅಪ್ಪನ ಕಡೆ ತಿರುಗಿದಳು.

"ಅಪ್ಪಾ, ಈಗರೆ ಹೂಂ ಅನ್ನು."

"ಹೂಂ ನನ್ನವ್ವಾ, ಹೂಂ!" ಎಂದರು ವಿರೂಪಾಕ್ಷಪ್ಪನವರು. ಬಾಗಿಲು ಮತ್ತೆ ಮುಚ್ಚಿತು.

ಮಗ್ಗ ಹಚ್ಚಲು ಮನೆಗೊಬ್ಬರು ಹೋಗಿದ್ದರು, ಉಳಿದವರು ಕದಲಲಿಲ್ಲ. ಅಳಲು ಬಂದವರೆಲ್ಲ ಈಗ ಇಂಟರ್‌ವ್ಯೂಗೆ ಕಾವಲು ಕುಳಿತರು. ಭಜನೆಯವರು ತಾಳವನ್ನು ಟವೆಲ್ಲಿನಲ್ಲಿ ಸುತ್ತಿ ಇಟ್ಟರು. ಬಿದಿರು ಮೆಲ್ಲಗೆ ಗೇಟಿನಾಚೆಗೆ ಸರಿಯಿತು. ಮಾವ ಅಳಿಯ ಒಂದೇ ಮೆಟ್ಟಿಲ ಮೇಲೆ ಕುಳಿತಿದ್ದರು. ಇಬ್ಬರಿಗೂ ಒಬ್ಬರ ಮುಖ ಒಬ್ಬರು ನೋಡುವ ಧೈರ್ಯವಿಲ್ಲ.

ಕೊನೆಗೂ ಅವಳು ಹೊರಗೆ ಬಂದಳು. ಗಂಡ ಎದ್ದು ನಿಂತ. "ಏನಂದ್ರು?"

"ಮೊದಲ ಬಾಯಿಗೆ ಏನರ ಹಾಕ್ಕೋರಿ, ಬಿದ್ದುಬಿಟ್ಟೀರಿ," ಎಂದಳು. ಆಮೇಲೆ ಹೇಳಿದಳು. ತಿಂಗಳುಗಟ್ಟಲೆ ಅವಳು ಉತ್ತರಗಳನ್ನು ರೂಢಿ ಮಾಡಿದ್ದೇ ಮಗ್ಗದ ಸಪ್ಪಳದಲ್ಲಿ. ಆ ಲಯದ ಮೇಲೆಯೇ ಅವಳ ಮಾತು ನಿಂತಿತ್ತು. ಮಗ್ಗ ನಿಂತದ್ದೇ ತಡ, ನಾಲಿಗೆ ಒಣಗಿತು. ತನ್ನ ಅಪ್ಪನ ಮಿಲ್ಲಿನ ಹೆಸರೇ ಮರೆಯಿತು. ಪ್ರೊಫೆಸರರು ಪೆನ್ನು ಕೆಳಗಿಟ್ಟು "ಸಾಕು" ಅನ್ನುವ ಹೊತ್ತಿಗೆ ಬಾಗಿಲು ಧಡಧಡ ಎಂದಿತು. ಕಿಟಕಿಯಿಂದ ಬಗ್ಗಿ ನೋಡಿದಳು. ತಿರುಗಿ ಬಂದು, "ಸರ್, ಹೊರಗಡೆ ನಾನು ತೀರಿಕೊಂಡಿದ್ದೇನಂತೆ. ಒಂದು ನಿಮಿಷ, ಸರಿಮಾಡಿ ಬರ್ತೀನಿ," ಎಂದಳು.

"ಮತ್ತ ಅವ್ರೇನಂದ್ರು?"

"ಹೋಗಿ ಬನ್ನಿ ಅಂದ್ರು. ಬಂದ ಮ್ಯಾಲೆ ಬ್ಯಾರೆ ಏನೂ ಕೇಳಲಿಲ್ಲ. ಇಷ್ಟು ಮಂದಿ ಹೆಂಗ ಕೂಡಿದ್ರು, ಹೆಂಗ ಕರಗಿದ್ರು, ಅದನ್ನ ಕೇಳಿದ್ರು."

"ಆದ್ರ ಈ ಖಟಾಖಟಿ ಅವ್ರಿಗೆ ಕೇಳ್ಲಿಲ್ಲೇನ?"

"ಈ ಹೆಡ್‌ಸೆಟ್ ತಗೊಂಡದ್ದ ಅದಕ್ಕರಿ. ಹೊರಗಿನ ಸಪ್ಪಳ ಅತ್ತಾಗ ಹೋಗಂಗಿಲ್ಲ."

"ಮೊದಲ ಯಾಕ ಹೇಳ್ಲಿಲ್ಲ?"

"ನೀವು ಕೇಳಿದ್ರೇನು?"

ಸಿದ್ದಲಿಂಗೇಶ ಟವೆಲ್ಲು ಕೊಡವಿ ಮತ್ತೆ ಹೆಗಲಿಗೆ ಹಾಕಿಕೊಂಡ.

"ಕಡೀಕ ಒಂದ ಪ್ರಶ್ನೆ ಕೇಳಿದ್ರು," ಎಂದು ವಾಣಿಶ್ರೀ ಮೊದಲ ಸಲ ನಕ್ಕಳು. "ಇಲ್ಲಿ ಪಾರ್ಟ್‌ನರ್ಸ್ ಕ್ಲಬ್ ಐತಿ, ನಿಮ್ಮ ಪಾರ್ಟ್‌ನರ್ ಬಂದ್ರ ಅದಕ್ಕೇನು ಉಪಯೋಗ ಅಂತ. ನಾ ಹೇಳಿದೆ: ಸರ್, ಅವರು ಒಂದು ಪೈಸಾ ಖರ್ಚಿಲ್ಲದೆ ನಿಂತ ಕಾಲ ಮೇಲೆ ಎಷ್ಟು ಜನರನ್ನು ಬೇಕಾದರೂ ಕೂಡಿಸ್ತಾರೆ."

ಸೀಟು ಸಿಕ್ಕಿತು! ಸುದ್ದಿ ಬಂದ ದಿನ ಶಂಕ್ರೆವ್ವ ಬೇರೊಂದು ಹೊಸ ಸೀರೆ ತಂದು ಉಡಿ ತುಂಬಿದಳು. ಮೊದಲಿನದನ್ನು ಏನು ಮಾಡಿದಳೆಂದು ಯಾರೂ ಕೇಳಲಿಲ್ಲ. ಕಂಪನಿಯವರು ಸಿದ್ದಲಿಂಗೇಶನನ್ನು ಪುಣೆಯ ಕಡೆಗೆ ವರ್ಗ ಮಾಡಿದರು. ಶಿರಹಟ್ಟಿಯ ಪೆಂಡಾಲು ನೆನೆದು, ಸಂತೋಷದಿಂದಲೇ ಮಾಡಿದರು.

ಸ್ಕೂಲಿನ ಒಳಗಿನ ಮನೆಗಳು ಚೆಂದ. ಆದರೆ ಎಂಥ ನಿಶ್ಶಬ್ದ! ಎಲ್ಲರೂ ಓದುವವರೇ, ಎಲ್ಲರ ಪಾರ್ಟ್‌ನರುಗಳೂ ತುದಿಗಾಲಲ್ಲಿ ನಡೆಯುವವರೇ. ಕ್ಲಬ್ಬಿನ ಮೊದಲ ಸಭೆಯಲ್ಲಿ "ನಾನು ಏರಿಯಾ ಆಫೀಸರ್" ಎಂದಾಗ ಯಾರೂ ತಲೆ ಎತ್ತಲಿಲ್ಲ, "ವಾಣಿಶ್ರೀಯ ಗಂಡ" ಎಂದಾಗ ಎಲ್ಲರೂ ಎತ್ತಿದರು. ಕಥೆ ಅವನಿಗಿಂತ ಮೊದಲೇ ಬಂದು ಮುಟ್ಟಿತ್ತು. ಅಧ್ಯಕ್ಷ ಪೀಠ ಸಿಗಲಿಲ್ಲ; ಕುರ್ಚಿ ಜೋಡಿಸುವ ಕೆಲಸ ಸಿಕ್ಕಿತು. ಬಾಯಿ ಮುಚ್ಚಿಕೊಂಡು ಜೋಡಿಸಿದ.

ಪರೀಕ್ಷೆ ಹತ್ತಿರ ಬಂದಾಗ ವಾಣಿಶ್ರೀ ಪುಸ್ತಕದ ಮುಂದೆ ಮಂಕಾಗಿ ಕುಳಿತದ್ದು ಕಂಡ. ಮೊದಲಿನ ಸಿದ್ದಲಿಂಗೇಶನಾಗಿದ್ದರೆ ತಾನೇ ಏನೋ ಒಂದು ಪ್ರತಿಜ್ಞೆ ಮಾಡಿ ಹೊರಟುಬಿಡುತ್ತಿದ್ದ. ಈಗ ಹತ್ತಿರ ಬಂದು ಕೇಳಿದ: "ನಾ ಏನ್ ಮಾಡ್ಲಿ?"

"ಮಗ್ಗದ ಸಪ್ಪಳ ಬೇಕು," ಎಂದಳು.

ಅಂದಿನಿಂದ ದಿನಾ ಸಂಜೆ ಅವನು ಬೆಟಗೇರಿಗೆ ಫೋನು ಹಚ್ಚುವುದು, ಶಂಕ್ರೆವ್ವ ಅದನ್ನು ಮಗ್ಗದ ಮಗ್ಗುಲಿಗೆ ಇಡುವುದು, ಇಲ್ಲಿ ಸ್ಪೀಕರಿನಲ್ಲಿ ಖಟ್-ಖಟಾ-ಖಟ್, ಅವಳು ಓದುವುದು. ಸಿದ್ದಲಿಂಗೇಶ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕಾವಲು. ಪಾರ್ಟ್‌ನರ್ ಎಂದರೆ ಇದೇ ಇರಬೇಕು ಎಂದುಕೊಂಡು ಸುಖವಾಗಿದ್ದ.

ಒಂದು ಸಂಜೆ ಖಟ್-ಖಟಾ ಎಂದದ್ದು ಮತ್ತೆ ಖಟ್ ಅನ್ನಲಿಲ್ಲ. ನಿಂತಿತು!

ಸಿದ್ದಲಿಂಗೇಶನ ಟವೆಲ್ಲು ತಾನಾಗಿ ತಲೆಯ ಮೇಲೆ ಏರಿತು. ಫೋನು ಹಿಡಿದು ಬೆಟಗೇರಿಯ ಓಣಿಗೆಲ್ಲ ಕೇಳುವ ಹಾಗೆ ಚೀರಿದ: "ಶಂಕ್ರೆವ್ವಾ! ಹನಮಪ್ಪ ಕಾಕಾ ಆರಾಮ ಅದಾನಿಲ್ಲೋ? ಅಲ್ಲಾಸಾಬಣ್ಣ? ಯಾರ ಮನ್ಯಾಗವ್ವಾ? ಅಯ್ಯಯ್ಯೋ, ಯಾರ ಮನ್ಯಾಗ!"

"ಯಾರಿಗೂ ಏನೂ ಆಗಿಲ್ಲೋ ನನ್ನಪ್ಪಾ," ಎಂದಿತು ಶಂಕ್ರೆವ್ವನ ದನಿ. "ಕರೆಂಟ್ ತಗದಾರ! ಫ್ಯಾನೂ ನಿಂತೈತಿ!"

ಅವನು ಸಮಾಧಾನದ ಉಸಿರು ಬಿಟ್ಟು ಕಣ್ಣೀರು ಒರೆಸಿಕೊಂಡು ತಲೆ ಎತ್ತಿದ. ಸಾಲಿನ ಅಷ್ಟೂ ಮನೆಗಳ ಬಾಗಿಲು ತೆರೆದಿದ್ದವು. ಗಂಡಂದಿರು, ಹೆಂಡಂದಿರು, ಕೈಯಲ್ಲಿ ಪುಸ್ತಕ ಹಿಡಿದ ವಿದ್ಯಾರ್ಥಿಗಳು, ಹಿಂದೆ ಓಡಿ ಬರುತ್ತಿದ್ದ ವಾಚ್‌ಮನ್ನು, ಎಲ್ಲರೂ ಅವನ ಬಾಗಿಲ ಮುಂದೆ ಗಾಬರಿಯಿಂದ ಕೂಡಿದ್ದರು. ಯಾರೋ ಒಬ್ಬಳು ಆಗಲೇ ಕಣ್ಣಿಗೆ ಕರವಸ್ತ್ರ ಹಚ್ಚಿದ್ದಳು.

ಒಳಗಿನಿಂದ, ಪುಸ್ತಕದಿಂದ ತಲೆ ಎತ್ತದೆಯೇ, ವಾಣಿಶ್ರೀ ಅಂದಳು:

"ನೋಡ್ರಿ, ನಾ ಸರ್‌ಗೆ ಸುಳ್ಳು ಹೇಳಿದ್ದಿಲ್ಲ!"